ಗಾರ್ಡಿನಾಲ್ ಶುರು ಮಾಡುವ ಮೊದಲು ನಾಯಿಯ ಸಕ್ಕರೆ ನೋಡಿ

"ಡಾಕ್ಟ್ರೇ, ನಾಯಿಗೆ ಫಿಟ್ಸ್ ಬಂತು" ಎನ್ನುವುದು ಫೋನಿನ ಮೊದಲ ಮಾತು. ಅದರ ಬೆನ್ನಿಗೇ ಎರಡನೆಯದು: "ಪಕ್ಕದ ತೋಟದವರು ಗಾರ್ಡಿನಾಲ್ ಕೊಡ್ತಾರಂತೆ, ನಮ್ಮದಕ್ಕೆ ಎಷ್ಟು ಹಾಕ್ಲಿ?" ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು ಕಡೆ ನಾನು ಓಡಾಡುವ ತೋಟಗಳಲ್ಲಿ ಈ ಮಾತ್ರೆಗೆ ಅಷ್ಟು ಹೆಸರಿದೆ. ಹೆಸರೇನೂ ಸುಮ್ಮನೆ ಬಂದದ್ದಲ್ಲ. ಅದರೊಳಗಿರುವ ಫಿನೋಬಾರ್ಬಿಟೋನ್ 1912ರಿಂದ ಬಳಕೆಯಲ್ಲಿದೆ. ನಾಯಿಗಳ ಅಪಸ್ಮಾರಕ್ಕೆ ಇವತ್ತಿಗೂ ಮೊದಲು ಕೈ ಹೋಗುವುದು ಅದಕ್ಕೇ. ಬೆಲೆಯೂ ಕಡಿಮೆ.

ಆದರೂ ನನ್ನ ಉತ್ತರ ಒಂದೇ: ಮೊದಲು ರಕ್ತ, ಆಮೇಲೆ ಮದ್ದು.

ಕಾರಣ ಇಷ್ಟು. ಫಿಟ್ಸ್ ಅಂದರೆ ಎಲ್ಲವೂ ಮಿದುಳಿನ ಕಾಯಿಲೆಯಲ್ಲ. ಕೆಲವು ನಾಯಿಗಳಲ್ಲಿ ಮೇದೋಜೀರಕ ಗ್ರಂಥಿಯಲ್ಲೊಂದು ಸಣ್ಣ ಗಡ್ಡೆ ಬೆಳೆಯುತ್ತದೆ. ಹೆಸರು ಇನ್ಸುಲಿನೋಮ. ಹೊಟ್ಟೆ ಖಾಲಿ ಇದ್ದಾಗ ಇನ್ಸುಲಿನ್ ನಿಲ್ಲಬೇಕು ಎನ್ನುವ ನಿಯಮ ಅದಕ್ಕಿಲ್ಲ, ಸುರಿಸುತ್ತಲೇ ಇರುತ್ತದೆ. ರಕ್ತದ ಸಕ್ಕರೆ ಇಳಿಯುತ್ತದೆ, ಮಿದುಳಿಗೆ ಉರುವಲು ಸಿಗುವುದಿಲ್ಲ, ನಾಯಿ ಬಿದ್ದು ಒದ್ದಾಡುತ್ತದೆ. ಇಂಥ ನಾಯಿಗೆ ಬರೀ ಫಿನೋಬಾರ್ಬಿಟೋನ್ ಕೊಡುವುದು, ಡೀಸೆಲ್ ಮುಗಿದು ಕೆಮ್ಮುವ ಜೀಪಿಗೆ ಸೈಲೆನ್ಸರ್ ಬದಲಿಸಿದ ಹಾಗೆ. ಸದ್ದು ಕಡಿಮೆಯಾಗಬಹುದು, ಜೀಪು ಚಾರ್ಮಾಡಿ ಹತ್ತುವುದಿಲ್ಲ.

ಬಿದ್ದ ಕೂಡಲೇ

ಗಡಿಯಾರ ನೋಡಿ. ಮನೆಯವರಿಗೆ ಅರ್ಧ ಗಂಟೆ ಅನ್ನಿಸಿದ್ದು ಬಹುಪಾಲು ಒಂದೆರಡು ನಿಮಿಷದ್ದಾಗಿರುತ್ತದೆ. ಐದು ನಿಮಿಷ ದಾಟಿದರೆ, ಅಥವಾ ಒಂದು ಬಿಟ್ಟು ಎಚ್ಚರ ಬರುವ ಮೊದಲೇ ಇನ್ನೊಂದು ಶುರುವಾದರೆ, ಜೀಪು ತೆಗೆದು ಹೊರಡಿ. ಅದಕ್ಕಿಂತ ಕಡಿಮೆಯಾದರೆ ಮೆಟ್ಟಿಲು, ಒಲೆ, ಕಾಫಿ ಕಣದ ಅಂಚು ಇಂಥವುಗಳಿಂದ ದೂರ ಎಳೆದು ಬಿಡಿ. ಬಾಯಿಗೆ ಕೈ ಹಾಕಬೇಡಿ. ನಾಲಿಗೆ ನುಂಗುತ್ತದೆ ಎನ್ನುವುದು ಸುಳ್ಳು, ಬೆರಳು ಹೋಗುವುದು ನಿಜ. ಲಸಿಕೆ ಹಾಕಿಸದ ನಾಯಿಯಾದರೆ ರೇಬಿಸ್ ಇರಬಹುದು ಎಂದೇ ತಿಳಿದು ದೂರ ನಿಂತು ಫೋನ್ ಮಾಡಿ. ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಮನೆಯವರ ಕೈಗೆ ಕೆಲಸ ಕೊಡುತ್ತದೆ, ನಾಯಿಗೇನೂ ಮಾಡುವುದಿಲ್ಲ.

ಒಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡಲಿ. ಎಷ್ಟೋ ಸಲ "ಫಿಟ್ಸ್" ಎಂದು ಬಂದದ್ದು ಹೃದಯದ ತೊಂದರೆಯಿಂದ ಕುಸಿದು ಬಿದ್ದದ್ದಾಗಿರುತ್ತದೆ. ನೀವು ಬಾಯಲ್ಲಿ ಹೇಳುವ ವಿವರಣೆಗಿಂತ ಇಪ್ಪತ್ತು ಸೆಕೆಂಡಿನ ವಿಡಿಯೋ ನನಗೆ ಹೆಚ್ಚು ಹೇಳುತ್ತದೆ.

ಒದ್ದಾಟ ನಿಂತು ನಾಯಿ ಮಂಕಾಗಿದ್ದಾಗ ಒಂದು ಕೆಲಸ ಮಾಡಬಹುದು. ಜೋನಿಬೆಲ್ಲವನ್ನೋ ಜೇನುತುಪ್ಪವನ್ನೋ ಬೆರಳ ತುದಿಗೆ ತೆಗೆದುಕೊಂಡು ತುಟಿ ಎತ್ತಿ ಒಸಡಿಗೆ ಸವರಿ. ಲೋಟದಲ್ಲಿ ಸಕ್ಕರೆ ನೀರು ಹೊಯ್ಯಬೇಡಿ, ಎಚ್ಚರವಿಲ್ಲದ ನಾಯಿಗೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಅತಿಯಾಗಿಯೂ ಸವರಬೇಡಿ. ಗಡ್ಡೆ ಇದ್ದ ನಾಯಿಯಲ್ಲಿ ಸಕ್ಕರೆ ದಿಢೀರನೆ ಏರಿದರೆ ಗಡ್ಡೆ ಇನ್ನಷ್ಟು ಇನ್ಸುಲಿನ್ ಬಿಡುತ್ತದೆ, ಗಂಟೆಯೊಳಗೆ ಮತ್ತೆ ಬೀಳುತ್ತದೆ. ಎದ್ದು ಕೂತು ನುಂಗುವ ಹಾಗಾದ ಮೇಲೆ ಸ್ವಲ್ಪ ಊಟ ಹಾಕಿ.

ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ, ಅಜ್ಜನದೋ ಅಮ್ಮನದೋ, ಬೆಲ್ಲ ಸವರುವ ಮೊದಲೇ ಒಂದು ಹನಿ ರಕ್ತ ತೆಗೆದು ನೋಡಿ. ಕಿವಿಯ ಒಳಬದಿಯ ಅಂಚಿನಲ್ಲಿ ಚುಚ್ಚಿದರೆ ಸಿಗುತ್ತದೆ. ಆ ಒಂದು ಅಂಕಿಗೆ ಇರುವ ಬೆಲೆ ಮಾರನೇ ದಿನ ನಾನು ಬರೆಸುವ ಹತ್ತು ಪರೀಕ್ಷೆಗೂ ಇರುವುದಿಲ್ಲ.

ನಾನು ಕೇಳುವ ಪ್ರಶ್ನೆಗಳು

ವಯಸ್ಸೆಷ್ಟು? ಕಾರಣ ಗೊತ್ತಿಲ್ಲದ ಸಾಮಾನ್ಯ ಅಪಸ್ಮಾರ ಹೆಚ್ಚಾಗಿ ಆರು ತಿಂಗಳಿಂದ ಆರು ವರ್ಷದೊಳಗೆ ಶುರುವಾಗುತ್ತದೆ. ಎಂಟೊಂಬತ್ತು ವರ್ಷದ ಲ್ಯಾಬ್ರಡಾರ್ ಜೀವಮಾನದಲ್ಲಿ ಮೊದಲ ಸಲ ಬಿತ್ತು ಎಂದರೆ ನನ್ನ ಕೈ ಮೊದಲು ಹೋಗುವುದು ಸಕ್ಕರೆಯ ಕಡೆಗೆ. ಜರ್ಮನ್ ಶೆಫರ್ಡ್, ಬಾಕ್ಸರ್, ಗೋಲ್ಡನ್ ರಿಟ್ರೀವರ್ ಆದರೂ ಹಾಗೆಯೇ.

ಯಾವಾಗ ಬಿತ್ತು? ಅಪಸ್ಮಾರದ ನಾಯಿ ಹೆಚ್ಚಾಗಿ ಮಲಗಿದ್ದಾಗ, ನಿದ್ದೆಯಲ್ಲಿ ಬೀಳುತ್ತದೆ. ಇನ್ಸುಲಿನ್ ಹೆಚ್ಚಾದ ನಾಯಿ ಬೆಳಗ್ಗೆ ಊಟಕ್ಕೆ ಮೊದಲು, ಹಂದಿ ಅಟ್ಟಿಕೊಂಡು ಹೋಗಿ ಬಂದ ಮೇಲೆ, ಅಥವಾ ಯಜಮಾನರ ಕಾರು ಗೇಟಿಗೆ ಬಂದ ಖುಷಿಗೆ ಬೀಳುತ್ತದೆ. ಬೀಳುವುದಕ್ಕೆ ವಾರಗಳ ಮೊದಲೇ ಹಿಂಗಾಲು ಓಲಾಡುವುದು, ಸುಮ್ಮನೆ ಗೋಡೆ ನೋಡಿಕೊಂಡು ನಿಲ್ಲುವುದು, ಸ್ನಾಯು ಅದುರುವುದು ಇದ್ದಿತೇ ಎಂದು ಕೇಳಿದರೆ, ಮನೆಯ ಹೆಂಗಸರು "ಹೌದು, ನಾನು ಆಗಲೇ ಹೇಳಿದ್ದೆ" ಎನ್ನುತ್ತಾರೆ. ಗಂಡಸರು "ಅದು ವಯಸ್ಸಾಯ್ತಲ್ಲ, ವಾತ" ಎನ್ನುತ್ತಾರೆ.

ಇನ್ನು ತೋಟದ್ದೇ ಕಾರಣಗಳು. ಬಸವನಹುಳಕ್ಕೆ ಇಟ್ಟ ಮೆಟಾಲ್ಡಿಹೈಡ್ ಗುಳಿಗೆ ತಿಂದರೆ ಮೈ ಬಿಸಿಯೇರಿ ನಡುಗಿ ಫಿಟ್ಸ್ ಬರುತ್ತದೆ. ಕಾಂಡಕೊರಕಕ್ಕೆ ಹೊಡೆಯುವ ಕೀಟನಾಶಕದ ಡಬ್ಬ ನೆಕ್ಕಿದರೆ ಜೊಲ್ಲು ಸುರಿದು, ಕಣ್ಣ ಪಾಪೆ ಕಿರಿದಾಗಿ ಬೀಳುತ್ತದೆ. ಬೆಂಗಳೂರಿನಿಂದ ರಜೆಗೆ ಬಂದ ಮಕ್ಕಳ ಬ್ಯಾಗಿನ ಶುಗರ್‌ಲೆಸ್ ಚೂಯಿಂಗ್ ಗಮ್ ಕೂಡ ಕೇಳಬೇಕಾದದ್ದೇ. ಅದರಲ್ಲಿರುವ ಕ್ಸೈಲಿಟಾಲ್ ಮನುಷ್ಯನಿಗೆ ನಿರುಪದ್ರವಿ. ನಾಯಿಯಲ್ಲಿ ಮಾತ್ರ ಅದು ಭಾರೀ ಪ್ರಮಾಣದ ಇನ್ಸುಲಿನ್ ಬಿಡಿಸುತ್ತದೆ, ಒಂದು ಗಂಟೆಯೊಳಗೇ ಸಕ್ಕರೆ ಕುಸಿಯಬಹುದು. ಗಡ್ಡೆ ಇಲ್ಲದೆಯೂ ಇನ್ಸುಲಿನ್ ಹೆಚ್ಚಾಗುವ ದಾರಿ ಅದು.

ಗ್ಲುಕೋಮೀಟರಿನ ಅಂಕಿಯನ್ನು ನಂಬುವುದೆಷ್ಟು

ನಾಯಿಯ ಸಕ್ಕರೆ ಸಾಮಾನ್ಯವಾಗಿ ಡೆಸಿಲೀಟರಿಗೆ 70ರಿಂದ 110 ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ. 60ಕ್ಕಿಂತ ಕೆಳಗೆ ಇಳಿದರೆ ತಲೆ ಕೆಡಿಸಿಕೊಳ್ಳಬೇಕು. ಫಿಟ್ಸ್ ಬಂದಾಗ ಗಾಬರಿಯ ಹಾರ್ಮೋನುಗಳಿಂದ ಸಕ್ಕರೆ ಮೇಲೆ ಹೋಗುವುದು ಸಹಜ. ಆ ಹೊತ್ತಿನಲ್ಲೂ ಕಡಿಮೆ ಇದೆ ಎಂದರೆ ಅದು ಗಟ್ಟಿ ಸುಳಿವು. ತುಂಬ ಹೊತ್ತು ಒದ್ದಾಡಿದ ನಾಯಿಯಲ್ಲಿ ಮಾತ್ರ ಸ್ನಾಯುಗಳೇ ಸಕ್ಕರೆ ಸುಟ್ಟುಬಿಟ್ಟಿರಬಹುದು.

ಮನುಷ್ಯರ ಮೀಟರು ನಾಯಿಯ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ 62 ಬಂತೆಂದು ತೀರ್ಮಾನಕ್ಕೆ ಹಾರಬೇಡಿ, ಲ್ಯಾಬಿನಲ್ಲಿ ಖಚಿತಪಡಿಸಿಕೊಳ್ಳಿ. ಇದಕ್ಕೆ ವಿರುದ್ಧದ ತಮಾಷೆಯೂ ಇದೆ. ಮಲೆನಾಡಿನಲ್ಲಿ ಉಣ್ಣೆ ಹುಳು ಕಚ್ಚಿ ಬರುವ ಜ್ವರ ಮನೆಮನೆಯ ಮಾತು. ಆ ಜ್ವರದಿಂದ ರಕ್ತ ಕಡಿಮೆಯಾಗಿ ಒಸಡು ಬಿಳಿಚಿದ ನಾಯಿಯಲ್ಲಿ ಮೀಟರು ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಮೀಟರಿನಲ್ಲಿ 80 ಇದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವ ನಾಯಿ ಅದಲ್ಲ.

ಲ್ಯಾಬಿಗೆ ಕಳಿಸುವ ರಕ್ತ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿನಲ್ಲಿರಬೇಕು. ಬರಿಯ ಟ್ಯೂಬಿನಲ್ಲಿ ಸೀರಂ, ಅಂದರೆ ರಕ್ತದ ತಿಳಿ, ಬೇರ್ಪಡಿಸದೆ ಇಟ್ಟರೆ ಕೆಂಪು ರಕ್ತಕಣಗಳು ಗಂಟೆಗೆ ಸುಮಾರು 5ರಿಂದ 7 ಶೇಕಡದಷ್ಟು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಬೆಳಗ್ಗೆ 80 ಇದ್ದದ್ದು, ರಕ್ತ ಬಸ್ಸಿನಲ್ಲಿ ಕೂತು ಊರು ಸುತ್ತಿ ಲ್ಯಾಬು ಸೇರುವಷ್ಟರಲ್ಲಿ 60 ಆಗಿರುತ್ತದೆ. ಟ್ಯೂಬಿನಲ್ಲಿ ಹುಟ್ಟಿದ ಕಾಯಿಲೆಗೆ ನಾಯಿಗೆ ಮದ್ದು ಮಾಡುವುದು ಯಾವ ನ್ಯಾಯ?

ಇನ್ಸುಲಿನ್ ಪರೀಕ್ಷೆ, ಮತ್ತು ಮದ್ದಿನ ಕೈವಾಡ

ಸಕ್ಕರೆ ಕಡಿಮೆ ಎಂದು ಖಚಿತವಾದ ಮೇಲೆ ಮುಂದಿನ ಪ್ರಶ್ನೆ: ಆ ಹೊತ್ತಿನಲ್ಲಿ ರಕ್ತದಲ್ಲಿ ಇನ್ಸುಲಿನ್ ಎಷ್ಟಿದೆ? "ಆ ಹೊತ್ತಿನಲ್ಲಿ" ಎನ್ನುವುದೇ ಮುಖ್ಯ. ಸಕ್ಕರೆ 95 ಇರುವಾಗ ಅಳೆದ ಇನ್ಸುಲಿನ್ ಏನನ್ನೂ ಹೇಳುವುದಿಲ್ಲ. ರಾತ್ರಿ ಊಟದ ನಂತರ ಉಪವಾಸ ಇರಿಸಿ, ಬೆಳಗ್ಗೆ ಕ್ಲಿನಿಕ್ಕಿಗೆ ತಂದು, ಗಂಟೆಗೊಮ್ಮೆ ಸಕ್ಕರೆ ನೋಡುತ್ತ ಹೋಗಿ, 60ಕ್ಕಿಂತ ಕೆಳಗೆ ಬಂದ ತಕ್ಷಣ ಅದೇ ರಕ್ತದಲ್ಲಿ ಸಕ್ಕರೆ, ಇನ್ಸುಲಿನ್ ಎರಡಕ್ಕೂ ತೆಗೆಯಬೇಕು. ಬೆಳಗಾದ ಮೇಲೂ ಮನೆಯಲ್ಲೇ ಉಪವಾಸ ಮುಂದುವರಿಸುವ ಸಾಹಸ ಬೇಡ, ಡೆಕ್ಸ್‌ಟ್ರೋಸ್ (ರಕ್ತನಾಳಕ್ಕೆ ಕೊಡುವ ಸಕ್ಕರೆ ದ್ರಾವಣ) ಕೈಗೆ ಸಿಗುವ ಕಡೆಯಲ್ಲೇ ಇದನ್ನು ಮಾಡುವುದು.

ಈಗ ನಮ್ಮ ಕಿರಿಯ ವೈದ್ಯರಿಗೊಂದು ಮಾತು, ಹಾಸನದ ಪಶುವೈದ್ಯಕೀಯ ಕಾಲೇಜಿನಿಂದ ಹೊಸದಾಗಿ ಹೊರಬಂದವರಿಗೂ ಸೇರಿಸಿ. ನಾಯಿ ಕಚ್ಚಲು ಬರುತ್ತದೆ ಎಂದು ಮಂಪರು ಬರಿಸುವ ಕ್ಸೈಲಜೀನ್ ಚುಚ್ಚಿ ಆಮೇಲೆ ರಕ್ತ ತೆಗೆದರೆ ಆ ಇನ್ಸುಲಿನ್ ಅಂಕಿಯನ್ನು ನೇರ ಕಸದ ಬುಟ್ಟಿಗೆ ಹಾಕಬಹುದು. ಕ್ಸೈಲಜೀನ್ ಮತ್ತು ಅದರ ಬಳಗದ ಮೆಡಿಟೊಮಿಡೀನ್ ಎರಡೂ ಮೇದೋಜೀರಕದಲ್ಲಿ ಇನ್ಸುಲಿನ್ ಬಿಡುವ ಬೀಟಾ ಕೋಶಗಳ ಸ್ರಾವವನ್ನು ತಡೆಯುತ್ತವೆ, ಸಕ್ಕರೆ ಏರುತ್ತದೆ. ಗಡ್ಡೆ ಇದ್ದ ನಾಯಿ ಕಾಗದದ ಮೇಲೆ ಆರೋಗ್ಯವಂತನಾಗಿಬಿಡುತ್ತದೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಿದ್ದರೂ ಸಕ್ಕರೆಯ ಅಂಕಿ ಹಾಳು.

ಗಾರ್ಡಿನಾಲಿನ ಫಿನೋಬಾರ್ಬಿಟೋನ್ ಸೇರಿರುವ ಬಾರ್ಬಿಟ್ಯುರೇಟ್ ಬಳಗದ ಕಥೆ ಇನ್ನೂ ಗೋಜಲು. ಇನ್ಸುಲಿನ್ ಬಿಡುವ ಕೋಶದಲ್ಲಿ ಎರಡು ಬಾಗಿಲು ಮುಖ್ಯ. ಪೊಟ್ಯಾಸಿಯಂ ಬಾಗಿಲು ಮುಚ್ಚಿದರೆ ಕೋಶ ಎಚ್ಚರಗೊಳ್ಳುತ್ತದೆ, ಆಗ ಕ್ಯಾಲ್ಸಿಯಂ ಬಾಗಿಲು ತೆರೆದು ಇನ್ಸುಲಿನ್ ಹೊರಬೀಳುತ್ತದೆ. ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ 1991ರಲ್ಲಿ ಪ್ರಕಟಿಸಿದ ಒಂದು ಸಂಶೋಧನೆಯಲ್ಲಿ, ಬಾರ್ಬಿಟ್ಯುರೇಟುಗಳು ಆ ಪೊಟ್ಯಾಸಿಯಂ ಬಾಗಿಲನ್ನು ಮುಚ್ಚಿದವು, ಜೊತೆಗೆ ವಿದ್ಯುತ್ತಿನಿಂದ ತೆರೆಯುವ ಬೇರೆ ಬಾಗಿಲುಗಳನ್ನೂ ತಡೆದವು. ಒಂದು ಕೈಯಲ್ಲಿ ಆಕ್ಸಿಲರೇಟರ್, ಇನ್ನೊಂದರಲ್ಲಿ ಬ್ರೇಕು. ಆದ್ದರಿಂದ "ಬಾರ್ಬಿಟ್ಯುರೇಟ್ ಕೊಟ್ಟರೆ ಇನ್ಸುಲಿನ್ ಏರುತ್ತದೆ" ಎಂದೋ "ಇಳಿಯುತ್ತದೆ" ಎಂದೋ ಒಂದೇ ಏಟಿಗೆ ಹೇಳುವವರನ್ನು ನಾನು ನಂಬುವುದಿಲ್ಲ. ಇದೇ ಬಳಗದ ಪೆಂಟೊಬಾರ್ಬಿಟಾಲ್ ದಶಕಗಳ ಕಾಲ ಪ್ರಯೋಗಾಲಯದ ಪ್ರಾಣಿಗಳಿಗೆ ಮಾಮೂಲಿ ಅರಿವಳಿಕೆಯಾಗಿತ್ತು. ಅಂಥ ಪ್ರಾಣಿಗಳಲ್ಲಿ ಇನ್ಸುಲಿನ್ ಅಳೆದ ಪ್ರಬಂಧ ಓದುವಾಗ ಮೊದಲು ಕೇಳಬೇಕಾದದ್ದು: ಎಚ್ಚರ ಇದ್ದ ಪ್ರಾಣಿಗಳ ಗುಂಪೊಂದನ್ನು ಪಕ್ಕದಲ್ಲಿಟ್ಟು ಹೋಲಿಸಿದ್ದಾರೆಯೇ? ಉಪವಾಸ ಎಷ್ಟು ಹೊತ್ತು? ಮದ್ದು ಕೊಟ್ಟು ಎಷ್ಟು ನಿಮಿಷಕ್ಕೆ ರಕ್ತ ತೆಗೆದರು? ಅರಿವಳಿಕೆಯಲ್ಲಿ ತಣ್ಣಗಾಗುವ ಮೈಯನ್ನು ಬೆಚ್ಚಗಿಟ್ಟಿದ್ದರೇ? ಸಿ-ಪೆಪ್ಟೈಡನ್ನೂ ಅಳೆದರೇ? ಇನ್ಸುಲಿನ್ ಒಂದು ಕಣ ಹೊರಬಿದ್ದರೆ ಸಿ-ಪೆಪ್ಟೈಡೂ ಒಂದು ಕಣ ಬೀಳುತ್ತದೆ. ಇನ್ಸುಲಿನ್ನಿನ ದೊಡ್ಡ ಪಾಲನ್ನು ಯಕೃತ್ತು ಹಿಡಿದುಕೊಳ್ಳುತ್ತದೆ, ಸಿ-ಪೆಪ್ಟೈಡನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಿದೆ ಎಂದರೆ ಗ್ರಂಥಿ ಹೆಚ್ಚು ಬಿಟ್ಟಿದೆಯೋ, ಯಕೃತ್ತು ಕಡಿಮೆ ಹಿಡಿದಿದೆಯೋ ಎಂದು ಬೇರ್ಪಡಿಸಲು ಅದು ಬೇಕು. ಇದನ್ನೆಲ್ಲ ಬಿಟ್ಟು ಕೊನೆಯ ಪ್ಯಾರಾ ಮಾತ್ರ ಓದಿ ವಾಟ್ಸಾಪಿಗೆ ಹಾಕುವವರು ನಮ್ಮಲ್ಲೂ ಇದ್ದಾರೆ.

ಒಂದು ಸ್ವಾರಸ್ಯ ಹೇಳಿ ಮುಂದೆ ಹೋಗುತ್ತೇನೆ. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಓಸ್ಕರ್ ಮಿಂಕೋವ್‌ಸ್ಕಿ ಜೊತೆ ನಾಯಿಯ ಮೇದೋಜೀರಕ ತೆಗೆದು, ಅದಕ್ಕೆ ಸಿಹಿಮೂತ್ರ ರೋಗ ಬರುವುದನ್ನು ತೋರಿಸಿದವನು ಯೋಸೆಫ್ ಫಾನ್ ಮೆರಿಂಗ್. 1903ರಲ್ಲಿ ಎಮಿಲ್ ಫಿಷರ್ ಜೊತೆ ಸೇರಿ ಬಾರ್ಬಿಟಾಲ್ ನಿದ್ದೆ ಬರಿಸುತ್ತದೆ ಎಂದು ಪ್ರಕಟಿಸಿದವನೂ ಅವನೇ. ಇನ್ಸುಲಿನ್ನಿಗೂ ಬಾರ್ಬಿಟ್ಯುರೇಟಿಗೂ ಬಾಗಿಲು ತೆರೆದದ್ದು ಒಂದೇ ಕೈ, ಎರಡು ಕಡೆಯೂ ನಾಯಿ ಹಾಜರು. ಇನ್ಸುಲಿನ್ ಸಿಕ್ಕಿದ್ದು 1921ರಲ್ಲಿ. ಅದನ್ನು ರಕ್ತದಲ್ಲಿ ನಿಖರವಾಗಿ ಅಳೆಯಲು 1960ರ ಹೊತ್ತಿಗೆ ರೋಸಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ಬರಬೇಕಾಯಿತು.

ಮಾದರಿಯ ವಿಷಯಕ್ಕೆ ಬರುತ್ತೇನೆ. ರಕ್ತ ಎಳೆಯುವಾಗ ಸಿರಿಂಜಿನಲ್ಲಿ ಜೋರು ಮಾಡಬೇಡಿ. ಕೆಂಪು ಕಣ ಒಡೆದರೆ ಒಳಗಿನ ಕಿಣ್ವ ಇನ್ಸುಲಿನ್ನನ್ನು ತಿಂದುಹಾಕುತ್ತದೆ, ವರದಿ ಸುಳ್ಳು ಕಡಿಮೆ ಬರುತ್ತದೆ. ಬೇಗ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಸೀರಂ ಬೇರ್ಪಡಿಸಿ, ಹೆಪ್ಪುಗಟ್ಟಿಸಿ, ಐಸಿನಲ್ಲಿ ಕಳಿಸಿ. ಕಳಿಸುವ ಮೊದಲು ಲ್ಯಾಬಿಗೆ ಫೋನ್ ಮಾಡಿ ಅವರ ಕಿಟ್ ನಾಯಿಯ ಇನ್ಸುಲಿನ್ ಗುರುತಿಸುತ್ತದೆಯೇ ಎಂದು ಕೇಳಿ. ನಾಯಿಯದಕ್ಕೂ ಹಂದಿಯದಕ್ಕೂ ಒಂದಿನಿತೂ ವ್ಯತ್ಯಾಸವಿಲ್ಲ, ಮನುಷ್ಯನದಕ್ಕೆ ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ. ಆದರೂ ಮನುಷ್ಯರಿಗೆಂದು ಮಾಡಿದ ಕೆಲವು ಕಿಟ್‌ಗಳು ನಾಯಿಯದನ್ನು ಸರಿಯಾಗಿ ಓದುವುದಿಲ್ಲ.

ವರದಿ ಓದುವ ರೀತಿ: ಸಕ್ಕರೆ 60ಕ್ಕಿಂತ ಕೆಳಗಿದ್ದು ಇನ್ಸುಲಿನ್ ಮಿಲಿಲೀಟರಿಗೆ 20 ಮೈಕ್ರೋಯುನಿಟ್ ದಾಟಿದ್ದರೆ ಇನ್ಸುಲಿನೋಮ ಬಹುತೇಕ ನಿಜ. 10ರಿಂದ 20ರ ನಡುವೆ ಇದ್ದರೂ ಸಂಶಯ ಉಳಿಯುತ್ತದೆ. ಲ್ಯಾಬಿನ ಕಾಗದ ಅದನ್ನು ನಾರ್ಮಲ್ ಎಂದು ಅಚ್ಚುಹಾಕಿರುತ್ತದೆ, ಮೋಸ ಹೋಗಬೇಡಿ. ಸಕ್ಕರೆ ನೆಲ ಕಚ್ಚಿರುವಾಗ ಇನ್ಸುಲಿನ್ನೂ ನೆಲ ಕಚ್ಚಿರಬೇಕಿತ್ತು, ಅಲ್ಲಿ ನಾರ್ಮಲ್ ಎನ್ನುವುದೇ ಹೆಚ್ಚು. 5ಕ್ಕಿಂತ ಕೆಳಗಿದ್ದರೆ ಗಡ್ಡೆ ಬಿಟ್ಟು ಯಕೃತ್ತು, ಸೋಂಕು, ಅಡ್ರಿನಲ್ ಗ್ರಂಥಿ ಈ ಕಡೆ ಹುಡುಕಿ.

ಗಾರ್ಡಿನಾಲ್ ಕೊಡಲೇಬೇಕಾದಾಗ

ಸಕ್ಕರೆ ಸರಿ ಇದೆ, ವಿಷ ಇಲ್ಲ, ಯಕೃತ್ತು ಚೆನ್ನಾಗಿದೆ, ಫಿಟ್ಸ್ ಮತ್ತೆ ಮತ್ತೆ ಬರುತ್ತಿದೆ ಎಂದಾದರೆ ಧೈರ್ಯವಾಗಿ ಶುರು ಮಾಡುತ್ತೇನೆ. ಶುರುವಿನ ಪ್ರಮಾಣ ಕೆಜಿಗೆ 2ರಿಂದ 3 ಮಿಲಿಗ್ರಾಂ, 12 ಗಂಟೆಗೊಮ್ಮೆ. 30 ಕೆಜಿಯ ಲ್ಯಾಬ್ರಡಾರಿಗೆ 75 ಮಿಲಿಗ್ರಾಂ ಬರೆದರೆ, 60ರದ್ದೊಂದು, 30ರದ್ದು ಅರ್ಧ. ಚೀಟಿ ಇಲ್ಲದೆ ಇದು ಸಿಗುವುದಿಲ್ಲ, ಸಿಗಲೂ ಬಾರದು. ಪಕ್ಕದ ತೋಟದ ನಾಯಿಯ ಡಬ್ಬದಿಂದ ಕಡ ತರುವುದಂತೂ ಬೇಡವೇ ಬೇಡ. ಮಳೆಗಾಲಕ್ಕೆ ಮೊದಲು ಒಂದು ತಿಂಗಳಿನದ್ದು ಹೆಚ್ಚುವರಿ ಇಟ್ಟುಕೊಳ್ಳಿ. ಗುಡ್ಡ ಜರಿದು ರಸ್ತೆ ಬಂದ್ ಆದ ದಿನ ಮಾತ್ರೆ ಮುಗಿದಿದ್ದರೆ, ಹಠಾತ್ತನೆ ನಿಲ್ಲಿಸಿದ್ದಕ್ಕೇ ಸಾಲು ಸಾಲು ಫಿಟ್ಸ್ ಬರುತ್ತದೆ.

ರಕ್ತದಲ್ಲಿ ಮದ್ದಿನ ಮಟ್ಟ ಸ್ಥಿರವಾಗಲು ಸುಮಾರು ಎರಡು ವಾರ ಬೇಕು. ಅಲ್ಲಿಯವರೆಗೆ "ಕೆಲಸ ಮಾಡ್ತಿಲ್ಲ ಡಾಕ್ಟ್ರೇ" ಎಂದು ಮಾತ್ರೆ ಏರಿಸಬೇಡಿ. ಆಮೇಲೆ ಮಟ್ಟ ಅಳೆಸಿ, ಮಿಲಿಲೀಟರಿಗೆ 15ರಿಂದ 35 ಮೈಕ್ರೋಗ್ರಾಂ ಒಳಗಿರಲಿ. ಟ್ಯೂಬು ಕೆಂಪು ಮುಚ್ಚಳದ್ದು, ಜೆಲ್ ಇರುವ ಹಳದಿ ಮುಚ್ಚಳದ್ದಲ್ಲ. ಜೆಲ್ ಮದ್ದನ್ನು ಹೀರಿಕೊಂಡು ಅಂಕಿ ಕಡಿಮೆ ತೋರಿಸುತ್ತದೆ. ಆರು ತಿಂಗಳಿಗೊಮ್ಮೆ ಯಕೃತ್ತಿನ ಪರೀಕ್ಷೆಯೂ ಆಗಲಿ. ಅದರಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಒಂದೇ ಏರಿದ್ದರೆ ಗಾಬರಿ ಬೇಡ, ಈ ಮದ್ದು ಅದನ್ನು ಸುಮ್ಮನೆಯೂ ಏರಿಸುತ್ತದೆ. ಥೈರಾಯ್ಡಿನ ಟಿ4 ಅನ್ನು ಇಳಿಸುತ್ತದೆ ಕೂಡ, ಅದನ್ನು ನೋಡಿ ಇನ್ನೊಂದು ಮಾತ್ರೆ ಹಚ್ಚುವವರಿದ್ದಾರೆ.

ಇನ್ನು ಇಡೀ ಬರಹಕ್ಕೆ ಕಾರಣವಾದ ಗೊಂದಲ. ಗಾರ್ಡಿನಾಲ್ ಶುರುವಾದ ನಾಯಿ ಮೊದಲ ವಾರಗಳಲ್ಲಿ ತೂಕಡಿಸುತ್ತದೆ, ಹಿಂಗಾಲು ಓಲುತ್ತದೆ, ಎಷ್ಟು ಹಾಕಿದರೂ ತಿನ್ನುತ್ತದೆ, ದಪ್ಪವಾಗುತ್ತದೆ. ಇನ್ಸುಲಿನೋಮದ ನಾಯಿಯೂ ಮಂಕಾಗುತ್ತದೆ, ಓಲುತ್ತದೆ, ತಿನ್ನುತ್ತದೆ, ದಪ್ಪವಾಗುತ್ತದೆ. ಕಣ್ಣಿಗೆ ಎರಡೂ ಒಂದೇ. ಆಲ್ದೂರು ಕಡೆಯ ಒಂದು ಹಳೇ ಲ್ಯಾಬ್ರಡಾರ್ ಬೇರೆ ಕಡೆ ಬರೆಸಿದ ಗಾರ್ಡಿನಾಲ್ ಮೇಲೆ ತಿಂಗಳುಗಟ್ಟಲೆ ಇತ್ತು. ಓಲಾಟ ಮದ್ದಿನದು ಎಂದು ಮನೆಯವರು ಒಗ್ಗಿಕೊಂಡಿದ್ದರು. ಅವರ ಅಡುಗೆಯಾಳು ಹೇಳಿದ ಒಂದು ಮಾತು ನನ್ನ ಕಿವಿ ನೆಟ್ಟಗೆ ಮಾಡಿತು: "ಬಿಸ್ಕೆಟ್ ಕೊಟ್ರೆ ಸರಿಯಾಗ್ತದೆ ಸಾರ್, ಕೊಡದಿದ್ರೆ ಬೀಳ್ತದೆ." ಅಲನ್ ವಿಪ್ಪಲ್ ಎಂಬ ಶಸ್ತ್ರವೈದ್ಯ ಈ ಗಡ್ಡೆಯ ಗುರುತೆಂದು 1938ರಲ್ಲಿ ಬರೆದ ಮೂರು ಲಕ್ಷಣಗಳಲ್ಲಿ ಎರಡನ್ನು ಆಕೆ ಸ್ಟೌ ಮುಂದೆ ನಿಂತೇ ಹೇಳಿದ್ದಳು: ಹಸಿದಾಗ ಬೀಳುವುದು, ಸಕ್ಕರೆ ಕೊಟ್ಟರೆ ಏಳುವುದು. ಮೂರನೆಯದು ಆ ಹೊತ್ತಿನ ರಕ್ತದ ಅಂಕಿ, ಅದನ್ನು ಮೀಟರು ಹೇಳಿತು.

ಬೇರ್ಪಡಿಸುವ ದಾರಿ ಹೀಗೆ. ಮದ್ದಿನ ಓಲಾಟ ದಿನವಿಡೀ ಒಂದೇ ಸಮ ಇರುತ್ತದೆ, ಎರಡು ಮೂರು ವಾರದಲ್ಲಿ ಕರಗುತ್ತದೆ. ಸಕ್ಕರೆಯ ಓಲಾಟ ಬಂದು ಹೋಗುತ್ತದೆ, ಊಟಕ್ಕೆ ಮೊದಲು ಹೆಚ್ಚು, ತಿಂದ ಮೇಲೆ ಮಾಯ. ಒಂದು ನೋಟ್‌ಬುಕ್ಕಿನಲ್ಲಿ ಊಟದ ಹೊತ್ತು, ಮಾತ್ರೆಯ ಹೊತ್ತು, ಓಲಿದ ಹೊತ್ತು ಮೂರನ್ನೂ ಬರೆಯಿರಿ. ತೋಟದ ಕಾರ್ಮಿಕರ ಲೈನ್ ಮನೆಯ ಯಾರಿಗಾದರೂ ನಾಯಿ ನೋಡಿಕೊಳ್ಳುವ ಕೆಲಸ ಇದ್ದರೆ ಅವರನ್ನೇ ಕೇಳಿ, ಅವರು ನಿಮಗಿಂತ ಹೆಚ್ಚು ನೋಡಿರುತ್ತಾರೆ.

ಗಡ್ಡೆ ಎಂದು ಗೊತ್ತಾದರೆ ದಿನಕ್ಕೆರಡು ಹೊತ್ತಿನ ಅನ್ನದ ರಾಶಿ ನಿಲ್ಲಿಸಿ, ನಾಲ್ಕರಿಂದ ಆರು ಸಲ ಚೂರು ಚೂರು ಹಾಕಿ, ಮಾಂಸ ಮೊಟ್ಟೆ ಜಾಸ್ತಿ ಇರಲಿ. ಬೆಲ್ಲ, ಸಿಹಿ ಬಿಸ್ಕೆಟ್, ಹಾಲು-ಸಕ್ಕರೆ ತುರ್ತಿಗೆ ಬಿಟ್ಟರೆ ಬೇಡ. ಬೇಟೆಗೆ ಓಡಲು ಬಿಡದೆ ಹಗ್ಗ ಹಿಡಿದು ನಡೆಸಿ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಸಕ್ಕರೆಯನ್ನು ಎತ್ತಿ ಹಿಡಿಯುತ್ತದೆ. ಡಯಜಾಕ್ಸೈಡ್ ಸಿಕ್ಕರೆ ಅದು ಬೀಟಾ ಕೋಶದ ಪೊಟ್ಯಾಸಿಯಂ ಬಾಗಿಲನ್ನು ತೆರೆದಿಟ್ಟು ಇನ್ಸುಲಿನ್ನನ್ನೇ ತಡೆಯುತ್ತದೆ. ಶಸ್ತ್ರಚಿಕಿತ್ಸೆ ಆದರೆ ಒಳ್ಳೆಯದು, ಒಪ್ಪುವವರನ್ನು ಬೆಂಗಳೂರಿಗೆ ಕಳಿಸುತ್ತೇನೆ. ನಾಯಿಗಳಲ್ಲಿ ಈ ಗಡ್ಡೆ ಬಹುಪಾಲು ಕ್ಯಾನ್ಸರೇ, ಯಕೃತ್ತಿಗೂ ಹರಡುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಕ್ಯಾನಿನಲ್ಲಿ ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ, ಅಲ್ಟ್ರಾಸೌಂಡಿಗೆ ಇದು ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ.

ಸಕ್ಕರೆ ನೋಡದೆಯೇ ಗಾರ್ಡಿನಾಲ್ ಮೇಲಿರುವ ನಾಯಿ ನಿಮ್ಮ ಮನೆಯಲ್ಲಿದ್ದರೆ ಮಾತ್ರೆ ನಿಲ್ಲಿಸಬೇಡಿ. ಮುಂದಿನ ಸಲ ಮದ್ದಿನ ಮಟ್ಟಕ್ಕೆ ರಕ್ತ ಕೊಡುವ ಬೆಳಗ್ಗೆ ಊಟ ಹಾಕದೆ ಕರೆತನ್ನಿ, ಜೊತೆಗೆ ಒಂದು ಹಿಡಿ ಊಟ ಕಟ್ಟಿಕೊಂಡು ಬನ್ನಿ. ಒಂದೇ ಚುಚ್ಚಿಗೆ ಕೆಂಪು ಮುಚ್ಚಳದ್ದೊಂದು, ಬೂದು ಮುಚ್ಚಳದ್ದೊಂದು ತುಂಬಿಸಿ. ಬೂದು ಟ್ಯೂಬಿನ ಖರ್ಚು ಒಂದು ಪ್ಲೇಟ್ ನೀರುದೋಸೆಗಿಂತ ಹೆಚ್ಚಾಗುವುದಿಲ್ಲ.